ಗಾಡಿ ಬಂತು, ಆಪರೇಷನ್ ಮಾಡಿ ಹೋಯಿತು, ಆಮೇಲೆ? ಧಾರವಾಡದಲ್ಲಿ ಸಂಚಾರಿ ಸಂತಾನಹರಣ ಸೇವೆ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ. ಮನೆ ನಾಯಿ ಬೆಕ್ಕುಗಳಿಗೆ ಕಡಿಮೆ ಖರ್ಚಲ್ಲಿ ಸಂತಾನಹರಣ ಆಪರೇಷನ್ ಮಾಡುವ ಗಾಡಿ ನಿಮ್ಮ ಕಡೆ ಬಂದರೆ ಹಿಂದೆ ಮುಂದೆ ನೋಡಬೇಡಿ, ಹೆಸರು ಬರೆಸಿ. ಕೆಲಸ ಚೆನ್ನಾಗಿ ಮಾಡುತ್ತಾರೆ. ಆದರೆ ಗಾಡಿ ಸಂಜೆ ಹೊರಟು ಹೋಗುತ್ತದೆ, ನಾಯಿ ನಿಮ್ಮ ಮನೆಯಲ್ಲೇ ಇರುತ್ತದೆ. ರಾತ್ರಿ ಏನಾದರೂ ಆದರೆ ಯಾರ ಹತ್ತಿರ ಓಡಬೇಕು ಅನ್ನೋದನ್ನು ಮೊದಲೇ ಗಟ್ಟಿ ಮಾಡಿಕೊಂಡು ಹೋಗಿ. ಈ ಸೇವೆಯ ಒಳ್ಳೆಯದು, ಕೊರತೆ ಎರಡೂ ನನಗೆ ಪೂರ್ತಿ ಗೊತ್ತಾಗಿದ್ದು ಗಾಡಿ ಹೋದ ಮೇಲೆ.

ನಮ್ಮ ಮನೆ ಧಾರವಾಡದ ಸಾಧನಕೇರಿ ಕಡೆ. ನಾಯಿ ಹೆಸರು ಕೆಂಪಿ. ನಾಡ ನಾಯಿ, ವಯಸ್ಸು ಒಂದು ವರ್ಷ ದಾಟಿದೆ, ಒಂದು ಸಲ ಬೆದೆಗೆ ಬಂದು ಹೋಗಿದ್ದಳು. ಆ ಮೂರು ವಾರ ನಮ್ಮ ಗೇಟಿನ ಮುಂದೆ ಓಣಿಯ ಗಂಡು ನಾಯಿಗಳೆಲ್ಲ ಸೇರಿ ರಾತ್ರಿ ಇಡೀ ಕಚ್ಚಾಡುತ್ತಿದ್ದವು, ಪಕ್ಕದ ಮನೆಯವರಿಗೆ ನಿದ್ದೆ ಇಲ್ಲ, ನಮಗೆ ಬಾಗಿಲು ತೆಗೆಯೋಕೆ ಭಯ. ಆಗಲೇ ಮನೆಯಲ್ಲಿ ತೀರ್ಮಾನ ಆಗಿತ್ತು. ಮರಿ ಹಾಕಿಸಿ ಆಮೇಲೆ ಯಾರಿಗೆ ಕೊಡೋದು? ಹೆಣ್ಣು ಮರಿ ಅಂದ್ರೆ ಯಾರೂ ಒಯ್ಯುವುದಿಲ್ಲ. ಚೀಲದಲ್ಲಿ ಕಟ್ಟಿ ಮಾರ್ಕೆಟ್ ಹತ್ತಿರ, ಕೆರೆ ದಂಡೆಯಲ್ಲಿ ಬಿಟ್ಟು ಹೋದ ಮರಿಗಳನ್ನು ಈ ಊರಲ್ಲಿ ನೋಡದವರು ಯಾರಿದ್ದಾರೆ ಹೇಳಿ.

ಖಾಸಗಿ ಕ್ಲಿನಿಕ್‌ಗಳಲ್ಲಿ ವಿಚಾರಿಸಿದಾಗ ಹೆಣ್ಣು ನಾಯಿಗೆ ಆರು ಏಳು ಸಾವಿರ ಹೇಳಿದರು. ಮೇಲೆ ರಕ್ತ ಪರೀಕ್ಷೆ, ಔಷಧಿ ಬೇರೆ. ಅವರು ಹೇಳಿದ್ದು ಅನ್ಯಾಯ ಅಂತ ನಾನು ಹೇಳುವುದಿಲ್ಲ. ಹೆಣ್ಣಿಗೆ ಮಾಡೋದು ಹೊಟ್ಟೆ ತೆರೆದು ಮಾಡುವ ದೊಡ್ಡ ಆಪರೇಷನ್, ಅಂಡಾಶಯ ಗರ್ಭಕೋಶ ಎರಡನ್ನೂ ತೆಗೆಯುತ್ತಾರೆ. ಆದರೆ ಓಣಿಯಲ್ಲಿ ಹುಟ್ಟಿದ ಮರಿಯನ್ನು ಎತ್ತಿಕೊಂಡು ಬಂದು ಸಾಕಿದ ಮನೆಗಳಿಗೆ ಅಷ್ಟು ದುಡ್ಡು ಒಮ್ಮೆಲೇ ಬಿಚ್ಚೋದು ಕಷ್ಟ. ಇನ್ನೊಂದು, ಒಯ್ಯೋದು ಹೇಗೆ? ಕಾರು ಇದ್ದವರ ಮಾತು ಬೇರೆ. ನಾಯಿ ಅಂದ ತಕ್ಷಣ ಅರ್ಧ ಆಟೋದವರು ನಿಲ್ಲಿಸುವುದೇ ಇಲ್ಲ. ಹೋಗುವಾಗ ಹೇಗೋ ಹೋದರೂ, ಬರುವಾಗ ಅರಿವಳಿಕೆ ಪೂರ್ತಿ ಇಳಿಯದ ನಾಯಿಯನ್ನು ತೊಡೆ ಮೇಲೆ ಇಟ್ಟುಕೊಂಡು ಬಿಸಿಲಲ್ಲಿ ಕೂರುವುದು ಇನ್ನೂ ಕಷ್ಟ. ಅದಕ್ಕೇ ಗಾಡಿಯೇ ನಮ್ಮ ಬಡಾವಣೆಗೆ ಬರುತ್ತದೆ ಅಂದಾಗ ಖುಷಿಯಾಯಿತು. ಹೆಣ್ಣು ನಾಯಿಗೆ 1,500 ರೂಪಾಯಿ, ಬೆಕ್ಕಿಗೆ ಅದಕ್ಕಿಂತ ಕಡಿಮೆ, ರೇಬೀಸ್ ಲಸಿಕೆ ಅದರಲ್ಲೇ.

ಇಲ್ಲಿ ಒಂದು ಗೊಂದಲ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ಓಣಿಯಲ್ಲೇ ನಾಲ್ಕು ಜನ ಕೇಳಿದರು. 1962ಕ್ಕೆ ಫೋನ್ ಮಾಡಿದರೆ ಬರುತ್ತದಲ್ಲ, ಸರ್ಕಾರದ ಪಶು ಸಂಜೀವಿನಿ ಗಾಡಿ, ಇದು ಅದಲ್ಲ. ಅದು ಮುಖ್ಯವಾಗಿ ಆಕಳು ಎಮ್ಮೆ ಕುರಿ ಮೇಕೆಗಳಿಗೆ ರೈತರ ಬಾಗಿಲಿಗೇ ಹೋಗಿ ಚಿಕಿತ್ಸೆ ಕೊಡೋಕೆ ಇರುವ ವ್ಯವಸ್ಥೆ. ಇದು ದಾನಿಗಳ ದುಡ್ಡಿನಿಂದ ನಡೆಯುವ, ಆಪರೇಷನ್ ಟೇಬಲ್ ಒಳಗೇ ಇರುವ ಬೇರೆ ಗಾಡಿ. ಒಂದು ದಿನ ಒಂದು ಕಡೆ ನಿಲ್ಲುತ್ತದೆ, ಮರುದಿನ ಇನ್ನೊಂದು ತಾಲೂಕು.

ಹೆಸರು ಬರೆಸೋದು ಫೋನಿನಲ್ಲೇ. ವಾಟ್ಸಾಪ್‌ನಲ್ಲಿ ನಾಯಿಯ ಫೋಟೋ, ವಯಸ್ಸು, ತೂಕ ಅಂದಾಜು, ಹಾಕಿಸಿದ ಲಸಿಕೆ ಎಲ್ಲಾ ಕೇಳಿದರು. ಉತ್ತರ ಬರೋಕೆ ತಡ ಆಯಿತು, ಆದರೆ ಬಂತು. ಹಿಂದಿನ ರಾತ್ರಿ ಊಟ ಎಷ್ಟಕ್ಕೆ ನಿಲ್ಲಿಸಬೇಕು, ನೀರು ಯಾವಾಗ ತೆಗೆಯಬೇಕು, ಏನೇನು ತರಬೇಕು ಅಂತ ಕನ್ನಡದಲ್ಲೇ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ಓದೋಕೆ ಬಾರದವರಿಗೂ ತಿಳಿಯುವ ಹಾಗೆ. ಇದು ನನಗೆ ತುಂಬಾ ಇಷ್ಟವಾಯಿತು. ಆದರೆ ಬೆಳಗ್ಗೆ ಅಲ್ಲಿ ಹೋದ ಮೇಲೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಮಾತ್ರ ಪೂರ್ತಿ ಇಂಗ್ಲಿಷ್! ಅರಿವಳಿಕೆಯಿಂದ ಪ್ರಾಣಕ್ಕೆ ಅಪಾಯ ಆಗಬಹುದು ಅನ್ನೋದನ್ನೇ ಬರೆದ ಪತ್ರ ಅದು. ಹೆಬ್ಬಳ್ಳಿಯಿಂದ ಟಂಟಂನಲ್ಲಿ ನಾಯಿ ಕರೆತಂದಿದ್ದ ಅಜ್ಜಿಯೊಬ್ಬರು ಹೆಬ್ಬೆಟ್ಟು ಒತ್ತಿ ಆಚೆ ಕೊಟ್ಟರು, ಅದರಲ್ಲಿ ಏನಿದೆ ಅಂತ ಅವರಿಗೆ ಯಾರೂ ಓದಿ ಹೇಳಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಒಂದೇ ಹಾಳೆ, ಕನ್ನಡದಲ್ಲಿ ಟೈಪ್ ಮಾಡಿಸೋಕೆ ಎಷ್ಟು ಹೊತ್ತು ಬೇಕು?

ಶಿಬಿರ ನಡೆದದ್ದು ಸಮುದಾಯ ಭವನದ ಅಂಗಳದಲ್ಲಿ. ಒಂದು ಕಡೆ ಶಾಮಿಯಾನ, ನೆಲಕ್ಕೆ ತಾಡಪತ್ರಿ, ನಾಯಿಗಳಿಗೆ ಬೇರೆ ಸಾಲು, ಬೆಕ್ಕುಗಳಿಗೆ ಬೇರೆ ಮೂಲೆ. ಬೆಕ್ಕುಗಳನ್ನು ನಾಯಿಗಳ ಕಣ್ಣಿಗೆ ಬೀಳದಂತೆ ಬಟ್ಟೆ ಮುಚ್ಚಿ ಇಟ್ಟಿದ್ದರು. ಮೊದಲು ತೂಕ. ಅಂದಾಜಿನ ಮೇಲೆ ಅರಿವಳಿಕೆ ಕೊಡುವವರ ಹತ್ತಿರ ನಾನು ನಾಯಿ ಬಿಡುತ್ತಿರಲಿಲ್ಲ, ಔಷಧಿ ಪ್ರಮಾಣ ಪೂರ್ತಿ ತೂಕದ ಮೇಲೆಯೇ ನಿಂತಿರುತ್ತದೆ. ಆಮೇಲೆ ಜ್ವರ, ಎದೆ ಬಡಿತ, ಒಸಡಿನ ಬಣ್ಣ ನೋಡಿದರು. ನಾಯಿಯ ಮೈ ಬಿಸಿ ನಮಗಿಂತ ಜಾಸ್ತಿ ಇರುತ್ತದೆ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ತನಕ ಸಹಜವೇ. ಮುಟ್ಟಿ ನೋಡಿ ಜ್ವರ ಅಂತ ಗಾಬರಿಯಾಗಬೇಡಿ ಅಂತ ಅಲ್ಲಿದ್ದ ಹುಡುಗಿ ಎಲ್ಲರಿಗೂ ಹೇಳುತ್ತಿದ್ದಳು.

ಡಾಕ್ಟರ್ ಪ್ರತಿಯೊಬ್ಬರನ್ನೂ ಕೇಳಿದ್ದು ಒಂದೇ ಪ್ರಶ್ನೆ.

"ಅಕ್ಕಾರ, ಮುಂಜಾನಿಂದ ಏನರ ತಿನಿಸೀರೇನು?"

"ಇಲ್ರಿ ಸರ."

"ಖರೇ ಹೇಳ್ರಿ. ಒಂದ್ ಬಿಸ್ಕೀಟ್ ಕೊಟ್ಟಿದ್ರೂ ಹೇಳ್ರಿ."

ನಮ್ಮ ಮುಂದಿದ್ದವರು ಪಾಪ ಅಂತ ಬೆಳಗ್ಗೆ ಹಾಲಲ್ಲಿ ರೊಟ್ಟಿ ನೆನೆಸಿ ಹಾಕಿದ್ದರು. ಅವರನ್ನು ಆ ದಿನ ಆಪರೇಷನ್ ಆಗಲ್ಲ ಅಂತ ವಾಪಸ್ ಕಳಿಸಿದರು. ಅವರು ಸಿಟ್ಟಾದರು, ಕೂಗಾಡಿದರು, ಇಷ್ಟು ದೂರ ಬಂದೀವಿ ಅಂದರು. ಡಾಕ್ಟರ್ ಜಪ್ಪಯ್ಯ ಅನ್ನಲಿಲ್ಲ. ನನಗೆ ಇವರ ಮೇಲೆ ನಂಬಿಕೆ ಬಂದಿದ್ದು ಆಗಲೇ. ಹೊಟ್ಟೆ ತುಂಬಿದ ನಾಯಿಗೆ ಅರಿವಳಿಕೆ ಕೊಟ್ಟರೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು, ಅದು ಪ್ರಾಣಕ್ಕೇ ಕುತ್ತು. ದೊಡ್ಡ ನಾಯಿಗಳಿಗೆ ಹಿಂದಿನ ರಾತ್ರಿಯಿಂದ ಊಟ ಬಂದ್, ನೀರು ಬೆಳಗ್ಗೆ ತನಕ ಇರಲಿ ಅಂದಿದ್ದರು. ಸಣ್ಣ ಮರಿಗಳನ್ನು ಮಾತ್ರ ಅಷ್ಟು ಹೊತ್ತು ಉಪವಾಸ ಇಡಬಾರದು, ಅವಕ್ಕೆ ಮೈಯಲ್ಲಿ ಸಕ್ಕರೆ ಬೇಗ ಇಳಿಯುತ್ತದೆ.

ವಾಪಸ್ ಕಳಿಸಿದ್ದು ಅವರನ್ನೊಬ್ಬರನ್ನೇ ಅಲ್ಲ. ಒಂದು ಪಗ್ ಬಂದಿತ್ತು. ಮೂಗು ಚಪ್ಪಟೆ ಇರುವ ತಳಿಗಳಿಗೆ ಉಸಿರಿನ ತೊಂದರೆ ಜಾಸ್ತಿ, ಗಾಡಿಯಲ್ಲಿ ಬೇಡ, ಎಲ್ಲಾ ಸಲಕರಣೆ ಇರುವ ಆಸ್ಪತ್ರೆಯಲ್ಲೇ ಮಾಡಿಸಿ ಅಂದರು. ಬೆದೆಯಲ್ಲಿದ್ದ ಒಂದು ಹೆಣ್ಣನ್ನು ಎರಡು ತಿಂಗಳು ಬಿಟ್ಟು ಬನ್ನಿ ಅಂದರು, ಆ ಸಮಯದಲ್ಲಿ ಗರ್ಭಕೋಶಕ್ಕೆ ರಕ್ತ ಓಡಾಟ ಜಾಸ್ತಿ ಇರುತ್ತದೆ, ರಕ್ತಸ್ರಾವದ ಭಯ. ಒಬ್ಬರು ಮುಧೋಳ ನಾಯಿ ತಂದಿದ್ದರು, ಚೆಂದದ ಮರಿ. ಈ ಥರದ ತೆಳ್ಳಗಿನ ಬೇಟೆ ನಾಯಿಗಳಿಗೆ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಅರಿವಳಿಕೆ ಔಷಧಿಗಳು ಅವುಗಳ ಮೈಯಿಂದ ಬೇಗ ಇಳಿಯುವುದಿಲ್ಲ, ಅದಕ್ಕೆ ಔಷಧಿ ಬದಲಿಸಿ ಕೊನೆಗೆ ಹೆಚ್ಚು ಹೊತ್ತು ನೋಡಿಕೊಳ್ಳುವಂತೆ ಇಟ್ಟುಕೊಂಡರು. ಒಂದು ಲ್ಯಾಬ್ರಡಾರ್‌ಗೆ ಇನ್ನೂ ಏಳು ತಿಂಗಳು. ದೊಡ್ಡ ತಳಿಗಳಲ್ಲಿ ಎಲುಬು ಕೀಲು ಪೂರ್ತಿ ಬೆಳೆಯಲಿ, ಒಂದು ವರ್ಷ ದಾಟಿದ ಮೇಲೆ ಯೋಚನೆ ಮಾಡಿ ಅಂದರು. ಬಂದವರನ್ನೆಲ್ಲ ಹತ್ತಿಸಿಕೊಂಡು ಲೆಕ್ಕ ತೋರಿಸುವ ಶಿಬಿರ ಆಗಿದ್ದರೆ ವಾಪಸ್ ಹೋದ ನಾಯಿಗಳಿಗೂ ಅವತ್ತೇ ಆಪರೇಷನ್ ಆಗಿರುತ್ತಿತ್ತು.

ಇನ್ನು ಗಾಡಿಯ ಒಳಗಿನ ವಿಷಯ. ನಮ್ಮನ್ನು ಆಪರೇಷನ್ ಆಗುವಾಗ ಒಳಗೆ ಬಿಡುವುದಿಲ್ಲ, ಅದು ಸರಿಯೇ. ಆದರೆ ಸಾಲು ಶುರುವಾಗುವ ಮುಂಚೆ ಕೇಳಿದ್ದಕ್ಕೆ ಹಿಂದಿನ ಬಾಗಿಲು ತೆಗೆದು ತೋರಿಸಿದರು. ನಡುವೆ ಸ್ಟೀಲ್ ಟೇಬಲ್, ಮೇಲೆ ಲೈಟ್, ಮೂಲೆಯಲ್ಲಿ ಆಕ್ಸಿಜನ್ ಸಿಲಿಂಡರ್, ಸಲಕರಣೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಕುಕ್ಕರ್ ಥರದ ಆಟೋಕ್ಲೇವ್. ಹಸಿರು ಬಟ್ಟೆಯಲ್ಲಿ ಸುತ್ತಿದ ಸಲಕರಣೆಯ ಗಂಟುಗಳು ಒಂದರ ಮೇಲೊಂದು ಜೋಡಿಸಿದ್ದವು. ಪ್ರತಿ ಗಂಟಿನ ಮೇಲೆ ಒಂದು ಟೇಪ್ ಅಂಟಿಸಿತ್ತು, ಅದರ ಮೇಲೆ ಓರೆ ಗೆರೆಗಳು ಕಪ್ಪಾಗಿ ಎದ್ದಿದ್ದವು. ಸಹಾಯಕ ಹುಡುಗ ಹೇಳಿದ, ಈ ಗೆರೆ ಮೊದಲು ಕಾಣುವುದಿಲ್ಲ, ಹಬೆಯ ಬಿಸಿ ತಾಗಿದ ಮೇಲೇ ಕಪ್ಪಾಗೋದು, ಗೆರೆ ಕಪ್ಪಾಗದ ಗಂಟು ನಾವು ಬಿಚ್ಚೋದೇ ಇಲ್ಲ ಅಂತ. ಒಂದು ನಾಯಿಗೆ ಒಂದು ಗಂಟು. ನೀವು ಯಾವ ಶಿಬಿರಕ್ಕೆ ಹೋದರೂ ಇದೊಂದನ್ನು ಕೇಳಿ ನೋಡಿ. ಒಂದೇ ಟ್ರೇ ಕತ್ತರಿ ಇಕ್ಕಳ ಬಿಸಿನೀರಲ್ಲಿ ಅದ್ದಿ ಅದ್ದಿ ಹತ್ತು ನಾಯಿಗೆ ಬಳಸುವುದು ಕಂಡರೆ ನಿಮ್ಮ ನಾಯಿಯನ್ನು ಎತ್ತಿಕೊಂಡು ವಾಪಸ್ ಬನ್ನಿ. ಆಪರೇಷನ್ ಮಾಡುವವರು ಪಶುವೈದ್ಯಕೀಯ ಪದವಿ ಮುಗಿಸಿ ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದವರೇ ಆಗಿರಬೇಕು, ಅದನ್ನೂ ಕೇಳಬಹುದು. ಇವರು ನೋಂದಣಿ ಸಂಖ್ಯೆಯನ್ನು ಗಾಡಿ ಬಾಗಿಲಿಗೇ ಅಂಟಿಸಿದ್ದರು.

ಕೆಂಪಿಗೆ ಮೊದಲ ಸೂಜಿ ನನ್ನ ಕೈಯಲ್ಲಿ ಇರುವಾಗಲೇ ಕೊಟ್ಟರು. ಸ್ವಲ್ಪ ಹೊತ್ತಿಗೆ ಕಾಲು ತೊಡರಿತು, ತಲೆ ನನ್ನ ಮೊಣಕಾಲಿಗೆ ಭಾರ ಬಿತ್ತು. ಕಣ್ಣು ಮಾತ್ರ ತೆರೆದೇ ಇತ್ತು. ಅದನ್ನು ನೋಡಿ ನಮ್ಮನೆಯವರು ಹೆದರಿದರು. ಈ ಔಷಧಿಗೆ ಕಣ್ಣು ಮುಚ್ಚೋದಿಲ್ಲ, ಒಣಗಬಾರದು ಅಂತ ಮುಲಾಮು ಹಾಕುತ್ತೇವೆ ಅಂತ ಹೇಳಿ ಎರಡೂ ಕಣ್ಣಿಗೆ ಹಾಕಿದರು. ನಾಲಿಗೆ ಪಕ್ಕಕ್ಕೆ ಎಳೆದು ಬಿಟ್ಟರು, ಉಸಿರಿಗೆ ಅಡ್ಡ ಬರಬಾರದು ಅಂತ. ಮುಂಗಾಲಿನ ಕೂದಲು ತೆಗೆದು ಸೂಜಿ ಕೂರಿಸಿ ಟೇಪ್ ಸುತ್ತಿದರು. ಒಳಗೆ ಹೋಗಿ ಹೊರಗೆ ಬರೋಕೆ ಅರ್ಧ ಗಂಟೆಯೂ ಆಗಲಿಲ್ಲ. ಬೇಗ ಆಯಿತು ಅಂದ್ರೆ ಅವಸರ ಮಾಡಿದರು ಅಂತ ಅಲ್ಲ. ದಿನಾ ಇದೇ ಕೆಲಸ ಮಾಡುವ ಕೈಗೆ ಇದು ಸಹಜ. ಗಾಯ ಹೊಟ್ಟೆಯ ನಡುವೆ ಹೆಬ್ಬೆರಳಿನಷ್ಟೂ ಇರಲಿಲ್ಲ. ಹೊಲಿಗೆ ಒಳಗಡೆ, ತಾನೇ ಕರಗುವ ದಾರ, ಬಿಚ್ಚಿಸೋಕೆ ಮತ್ತೆ ಹೋಗಬೇಕಾಗಿಲ್ಲ. ಸಂಚಾರಿ ಸೇವೆಗೆ ಇದೇ ಸರಿ.

ಎಚ್ಚರ ಆಗುವ ತನಕ ಶಾಮಿಯಾನದ ಕೆಳಗೆ ಕಂಬಳಿ ಮೇಲೆ ಸಾಲಾಗಿ ಮಲಗಿಸಿದ್ದರು. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಪಕ್ಕಕ್ಕೆ ಇಟ್ಟರು. ಅರಿವಳಿಕೆಯಲ್ಲಿ ಮೈ ತಣ್ಣಗಾಗುತ್ತದೆ, ನಡುಗುತ್ತವೆ. ಒಬ್ಬ ಹುಡುಗಿ ಸುತ್ತುತ್ತಲೇ ಇದ್ದಳು. ತುಟಿ ಎತ್ತಿ ಒಸಡು ಒತ್ತಿ ಬಿಡುತ್ತಿದ್ದಳು. ಒತ್ತಿದಾಗ ಬೆಳ್ಳಗಾಗಿ, ಬಿಟ್ಟ ಕೂಡಲೇ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಬಿಳಿಚಿಕೊಂಡೇ ಇದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಮನೆಗೆ ಹೋದ ಮೇಲೂ ರಾತ್ರಿ ಹೀಗೆ ನೋಡ್ತಾ ಇರಿ ಅಂತ ನನ್ನ ಕೈ ಹಿಡಿದು ಕಲಿಸಿದಳು. ಆಪರೇಷನ್‌ಗೆ ಕೊಟ್ಟ ದುಡ್ಡಿಗಿಂತ ಆ ಪಾಠ ದೊಡ್ಡದು ಅಂತ ನನಗೆ ಈಗಲೂ ಅನಿಸುತ್ತದೆ.

ಈಗ ಕೊರತೆ. ಮೊದಲನೆಯದು ರಕ್ತ ಪರೀಕ್ಷೆ ಇಲ್ಲ. ನಮ್ಮ ಕಡೆ ನಾಯಿಗಳಿಗೆ ಉಣ್ಣಿ ಕಾಟ ಎಷ್ಟು ಅಂತ ಸಾಕಿದವರಿಗೆಲ್ಲ ಗೊತ್ತು, ಕಿವಿ ಮಡಿಕೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ ಹುಡುಕಿದಷ್ಟೂ ಸಿಗುತ್ತವೆ. ಉಣ್ಣಿ ಜ್ವರ ಬಂದ ನಾಯಿಗೆ ರಕ್ತದಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಇಳಿದಿರಬಹುದು. ಹೊರಗಿನಿಂದ ನೋಡಿದರೆ ಆರಾಮಾಗಿ ಇರುತ್ತದೆ, ಓಡಾಡುತ್ತದೆ, ತಿನ್ನುತ್ತದೆ. ಟೇಬಲ್ ಮೇಲೆ ಕೊಯ್ದಾಗ ರಕ್ತ ನಿಲ್ಲುವುದಿಲ್ಲ. ಗಾಡಿಯಲ್ಲಿ ಲ್ಯಾಬ್ ಇರೋಕಾಗಲ್ಲ, ಒಪ್ಪುತ್ತೇನೆ, ಅದನ್ನೆಲ್ಲ ಸೇರಿಸಿದರೆ ಈ ಬೆಲೆಗೆ ಆಗುವುದೂ ಇಲ್ಲ. ಆದರೆ ಹೆಸರು ಬರೆಸುವಾಗಲೇ "ಒಂದು ವಾರದೊಳಗೆ ರಕ್ತ ಪರೀಕ್ಷೆ ಮಾಡಿಸಿಕೊಂಡು ರಿಪೋರ್ಟ್ ಕಳಿಸಿ" ಅಂತ ಹೇಳಬಹುದಲ್ಲ? ನಾವು ಊರಿನ ಡಾಕ್ಟರ್ ಹೇಳಿದ್ದಕ್ಕೆ ಮೊದಲೇ ಮಾಡಿಸಿದ್ದೆವು. ಕೆಲವು ನೂರು ರೂಪಾಯಿ ಖರ್ಚು. ಅಲ್ಲಿ ಬಂದ ಹೆಚ್ಚಿನವರಿಗೆ ಇಂಥದ್ದು ಒಂದಿದೆ ಅಂತಲೇ ಗೊತ್ತಿರಲಿಲ್ಲ. ಒಸಡು ಪೇಲವ ಇದ್ದರೆ, ಮೂಗಿಂದ ರಕ್ತ ಬಂದಿದ್ದರೆ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಇದ್ದರೆ ರಕ್ತ ಪರೀಕ್ಷೆ ಇಲ್ಲದೆ ಯಾವ ಗಾಡಿಗೂ ಹತ್ತಿಸಬೇಡಿ.

ಎರಡನೆಯದು, ನಾನು ಶುರುವಿನಲ್ಲಿ ಹೇಳಿದ್ದು. ಸಂಜೆ ಐದರ ಹೊತ್ತಿಗೆ ಶಾಮಿಯಾನ ಬಿಚ್ಚಿದರು. ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಿದ ನಾಯಿಗಳನ್ನಷ್ಟೇ ಕಳಿಸಿಕೊಟ್ಟರು, ಮುಧೋಳ ನಾಯಿ ಎದ್ದ ಮೇಲೇ ಗಾಡಿ ಹೊರಟಿದ್ದು. ಆಮೇಲೆ? ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಒಂದು ಫೋನ್ ನಂಬರ್.

ಮೂರ್ನಾಲ್ಕು ದಿನದಲ್ಲಿ ಕೆಂಪಿಯ ಗಾಯದ ಕೆಳಗೆ ಬಾವು ಬಂತು. ಮುಟ್ಟಿದರೆ ಮೆತ್ತಗೆ, ನೀರು ತುಂಬಿದ ಹಾಗೆ. ರಾತ್ರಿ ಹತ್ತೂವರೆ. ಆ ನಂಬರ್‌ಗೆ ಹಚ್ಚಿದರೆ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಮತ್ತೆ ಮತ್ತೆ ಹಚ್ಚಿದೆವು. ಒಂದು ಖಾಸಗಿ ಕ್ಲಿನಿಕ್‌ಗೆ ಫೋನ್ ಮಾಡಿದರೆ "ಎಲ್ಲಿ ಮಾಡಿಸೀರೋ ಅಲ್ಲೇ ಕೇಳ್ರಿ" ಅಂತ ಇಟ್ಟುಬಿಟ್ಟರು. ಆ ಮಾತು ಕೇಳಿ ನನಗೆ ಅಳುವೇ ಬಂತು. ದುಡ್ಡು ಕಡಿಮೆ ಇದ್ದವರು ಶಿಬಿರಕ್ಕೆ ಹೋದರು ಅಂತ ಆ ನಾಯಿಯನ್ನು ನೋಡುವುದೇ ಇಲ್ಲ ಅಂದರೆ ಹೇಗೆ? ನಾಯಿ ಏನು ಮಾಡಿತ್ತು? ಕೊನೆಗೆ ನಮ್ಮ ಪರಿಚಯದ ಒಬ್ಬ ಪಶುವೈದ್ಯರು, ಈಗ ನಿವೃತ್ತರು, ಫೋಟೋ ನೋಡಿ ಹೇಳಿದರು: ಬಿಸಿ ಇಲ್ಲ, ಕೆಂಪಾಗಿಲ್ಲ, ಕೀವಿಲ್ಲ, ತಿನ್ನುತ್ತಾಳೆ ಅಂದರೆ ಇದು ಚರ್ಮದಡಿ ಸೇರಿದ ನೀರು, ಜಿಗಿದಾಡಲು ಬಿಟ್ಟರೆ ಬರುತ್ತದೆ, ಕಟ್ಟಿ ಹಾಕಿ, ಚುಚ್ಚಿ ತೆಗೆಯಲು ಹೋಗಬೇಡಿ. ಹಾಗೇ ಆಯಿತು, ತಾನಾಗಿಯೇ ಇಳಿಯಿತು. ಗಾಡಿಯವರು ಮರುದಿನ ಬೆಳಗ್ಗೆ ತಾವಾಗಿಯೇ ಫೋನ್ ಮಾಡಿದರು. ರಾತ್ರಿ ಸಿಗ್ನಲ್ ಇಲ್ಲದ ಊರಲ್ಲಿ ಇದ್ದೆವು ಅಂತ ಕ್ಷಮೆ ಕೇಳಿದರು, ಫೋಟೋ ತರಿಸಿಕೊಂಡರು, ಅವರೂ ಅದನ್ನೇ ಹೇಳಿದರು. ಅವರ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನ ಇಲ್ಲ. ಆದರೆ ಒಳಗೆ ರಕ್ತ ಸೋರುತ್ತಿದ್ದ ನಾಯಿ ಆಗಿದ್ದರೆ ಬೆಳಗಿನ ತನಕ ಉಳಿಯುತ್ತಿರಲಿಲ್ಲ.

ನಮ್ಮ ಓಣಿಯ ಕೊನೆ ಮನೆಯವರ ನಾಯಿ ಇನ್ನೊಂದು ಕಥೆ. ಅದು ಗಾಯ ನೆಕ್ಕಿ ನೆಕ್ಕಿ ಮೇಲಿನ ಹೊಲಿಗೆ ಬಿಚ್ಚಿಕೊಂಡಿತು. ಕೊರಳಿಗೆ ಹಾಕುವ ಅಗಲದ ಪ್ಲಾಸ್ಟಿಕ್ ಕಾಲರ್ ಶಿಬಿರದಲ್ಲಿ ಕೊಡುವುದಿಲ್ಲ, ನೀವೇ ತರಬೇಕು ಅಂತ ಹೇಳಿದ್ದರು, ಅವರಿಗೆ ಸಿಕ್ಕಿರಲಿಲ್ಲ. ಮತ್ತೆ ಹೊಲಿಸೋಕೆ ಕ್ಲಿನಿಕ್‌ಗೆ ಕೊಟ್ಟ ದುಡ್ಡು ಆಪರೇಷನ್‌ಗಿಂತ ಜಾಸ್ತಿ ಆಯಿತು. ಕಾಲರನ್ನು ಈ ಬೆಲೆಯಲ್ಲೇ ಸೇರಿಸಿ ನೂರಿನ್ನೂರು ಜಾಸ್ತಿ ತೆಗೆದುಕೊಂಡರೂ ಯಾರೂ ಬೇಡ ಅನ್ನುವುದಿಲ್ಲ. ಕಾಲರ್ ಸಿಗದಿದ್ದರೆ ಹಳೆ ಟೀ ಶರ್ಟ್ ತೊಡಿಸಿ ಸೊಂಟದ ಹತ್ತಿರ ಗಂಟು ಹಾಕಿ. ಮುಂಗಾಲು ತೋಳಲ್ಲಿ ಬರಲಿ, ಬಾಲದ ಹತ್ತಿರ ಕತ್ತರಿಸಿ ಬಿಡಿ, ಉಚ್ಚೆಗೆ ಒದ್ದೆಯಾದರೆ ಬದಲಿಸಿ. ನಾವು ನಮ್ಮ ಮಗನ ಹಳೆ ಟೀ ಶರ್ಟುಗಳಲ್ಲೇ ನಡೆಸಿದೆವು.

ಮನೆಯಲ್ಲಿ ನೋಡಿಕೊಳ್ಳೋದು ಹತ್ತು ಹನ್ನೆರಡು ದಿನದ ಕೆಲಸ. ಓಡಿಸಬಾರದು, ಮೆಟ್ಟಿಲು ಹತ್ತಿಸಬಾರದು, ಸ್ನಾನ ಇಲ್ಲ. ಗಾಯಕ್ಕೆ ಅರಿಶಿಣ, ಎಣ್ಣೆ, ಸುಣ್ಣ ಏನೂ ಹಚ್ಚಬೇಡಿ. ನಮ್ಮತ್ತೆ ಅರಿಶಿಣ ಕಲಸಿಟ್ಟಿದ್ದರು, ಪ್ರೀತಿಯಿಂದಲೇ, ಆದರೆ ಹೊಲಿಗೆ ಇರುವ ಗಾಯ ಒಣಗಿಯೇ ಇರಬೇಕು. ನೋವಿಗೆ ಅವರು ಕೊಟ್ಟ ಔಷಧಿಯನ್ನಷ್ಟೇ ಕೊಡಿ. ಇದನ್ನು ನಾನು ಎರಡು ಸಲ ಬರೆಯುತ್ತೇನೆ: ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಬೆಕ್ಕಿಗೆ ಒಂದೇ ಒಂದು ಪ್ಯಾರಸಿಟಮಾಲ್ ಮಾತ್ರೆ ಪ್ರಾಣ ತೆಗೆಯುತ್ತದೆ. ನಾಯಿಗೆ ಐಬುಪ್ರೊಫೇನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ. ಮೊದಲ ರಾತ್ರಿ ಊಟ ಸ್ವಲ್ಪವೇ, ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ ಸಾಕು. ನಮ್ಮ ಕಡೆ ಮಿಕ್ಕ ಪಲ್ಯ ಸಾರು ರೊಟ್ಟಿಗೆ ಕಲಸಿ ಹಾಕುತ್ತೇವಲ್ಲ, ಅದರಲ್ಲಿ ಉಳ್ಳಾಗಡ್ಡಿ ಇರುತ್ತದೆ, ಅದು ನಾಯಿಯ ರಕ್ತಕ್ಕೇ ಕೆಟ್ಟದ್ದು, ಯಾವತ್ತೂ ಬೇಡ.

ದಿನ ಆರಿಸಿಕೊಳ್ಳುವಾಗಲೂ ಯೋಚನೆ ಮಾಡಿ. ಧಾರವಾಡದ ಜುಲೈ ಆಗಸ್ಟ್ ಮಳೆಯಲ್ಲಿ ಅಂಗಳ ಒಣಗುವುದೇ ಇಲ್ಲ, ಹೊರಗೆ ಮಲಗುವ ನಾಯಿಯ ಗಾಯ ಹಸಿಯಾಗಿಯೇ ಇರುತ್ತದೆ. ಹುಬ್ಬಳ್ಳಿಯವರು ಗಣೇಶ ಹಬ್ಬದ ಹಿಂದೆ ಮುಂದೆ ಇಟ್ಟುಕೊಳ್ಳಬೇಡಿ, ಮೆರವಣಿಗೆಯ ಡಿಜೆ, ಪಟಾಕಿ ಸದ್ದಿಗೆ ಹೆದರಿ ಗೋಡೆ ಹಾರಿದರೆ ಹೊಲಿಗೆ ಉಳಿಯುವುದಿಲ್ಲ. ದೀಪಾವಳಿಗೂ ಅಷ್ಟೇ. ಡಿಸೆಂಬರ್ ಜನವರಿ ಎಲ್ಲಕ್ಕಿಂತ ಒಳ್ಳೆಯದು, ರಾತ್ರಿ ಮಾತ್ರ ಒಳಗೆ ಬೆಚ್ಚಗೆ ಮಲಗಿಸಿ.

"ಒಂದ್ ಸಲ ಮರಿ ಹಾಕ್ಲಿ, ಆಮ್ಯಾಲೆ ಮಾಡಸ್ರಿ, ಇಲ್ಲಾಂದ್ರ ಪಾಪ ತಗಲ್ತೈತಿ" ಅಂತ ನಮಗೆ ಹೇಳಿದವರು ಬಹಳ ಜನ. ಮರಿ ಹಾಕಿದರೆ ಆರೋಗ್ಯ ಒಳ್ಳೆಯದಾಗುತ್ತದೆ ಅನ್ನೋದಕ್ಕೆ ವೈದ್ಯಕೀಯದಲ್ಲಿ ಆಧಾರ ಇಲ್ಲ. ಆಪರೇಷನ್ ಮಾಡಿಸದ ಹೆಣ್ಣು ನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬರಬಹುದು. ಬೆದೆ ಮುಗಿದ ಕೆಲವು ವಾರಕ್ಕೆ ಊಟ ಬಿಡುತ್ತದೆ, ನೀರು ಜಾಸ್ತಿ ಕುಡಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಆಗ ಮಾಡುವ ಆಪರೇಷನ್ ಇದಕ್ಕಿಂತ ಬಹಳ ಅಪಾಯದ್ದು, ತಡವಾದರೆ ಉಳಿಯುವುದಿಲ್ಲ. ನನ್ನ ತವರು ಮನೆಯ ನಾಯಿ ಹೋಗಿದ್ದು ಹಾಗೇ. ಮೊಲೆಯ ಗಡ್ಡೆಗಳೂ ಬೇಗ ಆಪರೇಷನ್ ಆದ ನಾಯಿಗಳಲ್ಲಿ ಕಡಿಮೆ. ಬೀದಿಯಲ್ಲಿ ತಿರುಗುವ ನಾಯಿಗಳಲ್ಲಿ ಕೂಡುವಾಗ ಒಂದರಿಂದ ಒಂದಕ್ಕೆ ಹರಡುವ ಗಡ್ಡೆ ರೋಗ ಒಂದಿದೆ, ರಕ್ತ ತೊಟ್ಟಿಕ್ಕುತ್ತಾ ಇರುತ್ತದೆ, ನೋಡಿದರೆ ಕರುಳು ಕಿತ್ತು ಬರುತ್ತದೆ. ಪಾಪದ ಮಾತು ಬಂದರೆ, ಹಾಕಿದ ಆರು ಮರಿಗಳಲ್ಲಿ ಎರಡು ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ, ಎರಡು ಪಾರ್ವೋ ಅನ್ನುವ ವಾಂತಿ ಭೇದಿ ರೋಗ ಬಂದು ಹೋಗುವುದನ್ನು ನೋಡುವುದೇ ನನಗೆ ಪಾಪ ಅನಿಸುತ್ತದೆ.

ಬೆಕ್ಕು ಇರುವವರು ಇನ್ನೂ ಬೇಗ ಎಚ್ಚೆತ್ತುಕೊಳ್ಳಿ. ಬೆಕ್ಕು ಐದಾರು ತಿಂಗಳಿಗೇ ಗಬ್ಬ ಆಗಬಹುದು, ಒಂಬತ್ತು ವಾರಕ್ಕೆ ಮರಿ, ಹಾಲು ಕುಡಿಸುತ್ತಿರುವಾಗಲೇ ಮತ್ತೆ ಬೆದೆ. ಪಕ್ಕದ ಮನೆಯವರು ತಮ್ಮ ಬೆಕ್ಕನ್ನು ದಿಂಬಿನ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು, ಶಾಮಿಯಾನದಲ್ಲಿ ಬಿಡಿಸಿಕೊಂಡು ಭವನದ ಮಾಡು ಹತ್ತಿತು, ಇಳಿಸೋಕೆ ಮಧ್ಯಾಹ್ನವಾಯಿತು. ಗಟ್ಟಿ ಬುಟ್ಟಿ, ಮೇಲೆ ಕಟ್ಟಿದ ಬಲೆ, ಇಷ್ಟಾದರೂ ಬೇಕು. ಗಂಡು ನಾಯಿಯವರಿಗೆ ಒಂದು ಮಾತು: ಗಂಡಿಗೆ ಆಪರೇಷನ್ ಸಣ್ಣದು, ಬೇಗ ಆರಾಮಾಗುತ್ತವೆ, ಆದರೆ ಬೀಜ ತೆಗೆದ ಮೇಲೂ ಒಂದು ತಿಂಗಳು ಹೆಣ್ಣಿನ ಹತ್ತಿರ ಬಿಡಬೇಡಿ, ಮೊದಲೇ ತಯಾರಾದ ವೀರ್ಯ ಒಳಗೆ ಉಳಿದಿರುತ್ತದೆ.

ಬೀದಿ ನಾಯಿಗಳನ್ನು ಈ ಗಾಡಿಗೆ ಹಿಡಿದುಕೊಂಡು ಬರಬೇಡಿ, ತೆಗೆದುಕೊಳ್ಳುವುದಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿ ನಾಯಿಗಳ ಆಪರೇಷನ್ ಸ್ಥಳೀಯ ಸಂಸ್ಥೆಯ ಜವಾಬ್ದಾರಿ. ಹುಬ್ಬಳ್ಳಿ-ಧಾರವಾಡದಲ್ಲಿ ಅಂದರೆ ಮಹಾನಗರ ಪಾಲಿಕೆ. ಹಿಡಿದು, ಆಪರೇಷನ್ ಮಾಡಿ, ಲಸಿಕೆ ಹಾಕಿ, ಕಿವಿಯಲ್ಲಿ ಗುರುತು ಮಾಡಿ ಹಿಡಿದ ಜಾಗಕ್ಕೇ ಬಿಡಬೇಕು ಅಂತ ಆ ನಿಯಮದಲ್ಲಿದೆ. ಮನೆ ನಾಯಿಯ ಆಪರೇಷನ್, ಲಸಿಕೆ ಎಲ್ಲಾ ಮಾಲೀಕರ ಜವಾಬ್ದಾರಿ ಅಂತಲೂ ಅದೇ ನಿಯಮ ಹೇಳುತ್ತದೆ. ನಿಮ್ಮ ಮನೆಯ ನಾಡ ನಾಯಿ ಹಗಲೆಲ್ಲ ಹೊರಗೆ ತಿರುಗುವಂಥದ್ದಾದರೆ ಕೊರಳಪಟ್ಟಿ ಹಾಕಿ, ಆಪರೇಷನ್ ಚೀಟಿಯ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಪಾಲಿಕೆಯವರು ಹಿಡಿದರೆ ಅದೇ ಕೂದಲು ಬೋಳಿಸಿ ಮತ್ತೆ ಹೊಟ್ಟೆ ಕೊಯ್ಯುವುದು ತಪ್ಪುತ್ತದೆ.

ಈ ಸೇವೆಯವರು ಇದನ್ನು ಓದಿದರೆ ನನ್ನದು ಕೋರಿಕೆ. ನಿಮ್ಮ ಕೈಕೆಲಸ ಚೆನ್ನಾಗಿದೆ, ನಿಮ್ಮ ಹುಡುಗ ಹುಡುಗಿಯರು ಬಿಸಿಲಲ್ಲಿ ನಿಂತು ಒಂದು ಮಾತೂ ಜೋರಾಗಿ ಆಡದೆ ಕೆಲಸ ಮಾಡಿದರು, ನಾವು ಮತ್ತೆ ನಿಮ್ಮ ಹತ್ತಿರವೇ ಬರುತ್ತೇವೆ. ಆದರೆ ಒಂದು ಊರಿಗೆ ಗಾಡಿ ತರುವ ಮುಂಚೆ ಆ ಊರಿನ ಒಬ್ಬ ಪಶುವೈದ್ಯರನ್ನು ಮಾತಾಡಿಸಿ ಒಪ್ಪಿಸಿ. ಅವರಿಗೆ ಕೊಡಬೇಕಾದ ಫೀಯನ್ನು ನಮ್ಮಿಂದಲೇ ತೆಗೆದುಕೊಳ್ಳಿ, ಬೇಕಾದರೆ 1,500ರ ಜಾಗದಲ್ಲಿ 1,800 ಮಾಡಿ. ಚೀಟಿಯ ಹಿಂದೆ ಅವರ ಹೆಸರು, ನಂಬರ್, ರಾತ್ರಿ ಎಷ್ಟರ ತನಕ ಸಿಗುತ್ತಾರೆ ಅಂತ ಬರೆದು ಕೊಡಿ. ಹೆಬ್ಬಳ್ಳಿಯ ಆ ಅಜ್ಜಿಯಂಥವರು ಬಂದಾಗ ಅದನ್ನು ಓದಿ ಹೇಳಿ, ಅವರ ಫೋನಿನಲ್ಲಿ ನೀವೇ ಆ ನಂಬರ್ ಸೇವ್ ಮಾಡಿ ಕಳಿಸಿ.